ಕಸ್ತೂರಿಯ ಹೊಟ್ಟೆಯ ಉರಿ

ಕಬ್ಬು ಕಡಿಯಲು ಬಂದಿದ್ದ ಗ್ಯಾಂಗು ಹಂಗಾಮು ಮುಗಿಸಿ ಚಕ್ಕಡಿ ಹೂಡಿಕೊಂಡು ಹೊರಟುಹೋದ ಮರುದಿನ, ಕಬ್ಬಿನ ಒಣಸೋಗೆಯ ರವದಿ ಗುಡ್ಡೆಯ ಕೆಳಗೆ ಕುಂಯ್‌ಗುಡುತ್ತಿದ್ದ ಮರಿಯೊಂದನ್ನು ಆಬಾಸಾಹೇಬ ಮಗದುಮ್ಮ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದಿದ್ದ. ಬೆಲ್ಲದ ಬಣ್ಣದ ಮೈ, ಮೂತಿ ಮಾತ್ರ ಕಪ್ಪು. "ನಾಯಿ ಸಾಕೂದು ನಮ್ಮ ಮನಿಗೆ ಒಗ್ಗಂಗಿಲ್ರಿ" ಎಂದ ಹೆಂಡತಿ ತಾರಾಬಾಯಿಯೇ ಮರುದಿನ ಅದಕ್ಕೆ ಹಾಲು ಕಾಯಿಸಿ ಆರಿಸಿ ಇಟ್ಟಳು. ಕಸ್ತೂರಿ ಎಂದು ಹೆಸರನ್ನೂ ಇಟ್ಟಳು.

ಮರಿ ಬೆಳೆದಂತೆ ಶೇಡಬಾಳದ ಹೊರಗಿದ್ದ ಅವರ ದ್ರಾಕ್ಷಿ ತೋಟ ಅದರ ಸುಪರ್ದಿಗೆ ಬಂತು. ಗಿಳಿಗಳ ಹಿಂಡು ಬಂದರೆ ಕಸ್ತೂರಿಗೆ ಮೊದಲು ಗೊತ್ತು, ಡ್ರಿಪ್ಪಿನ ಪೈಪು ಒಡೆದು ನೀರು ಹರಿದರೆ ಅದೂ ಅದಕ್ಕೇ ಮೊದಲು ಗೊತ್ತು. ಆಬಾಸಾಹೇಬ ಮಾತು ಕಡಿಮೆಯ ಮನುಷ್ಯ. ಬಸದಿಯ ಕಮಿಟಿಯಲ್ಲಿ ಕೂತರೂ ಕೇಳಿದ್ದಕ್ಕೆ ಹೂಂ ಅನ್ನುವನು, ಕೇಳದಿದ್ದರೆ ಅದೂ ಇಲ್ಲ. ಬಳ್ಳಿಯ ಸಾಲುಗಳ ನಡುವೆ ಮಾತ್ರ ಅವನ ನಾಲಗೆ ಸಡಿಲಾಗುತ್ತಿತ್ತು. ಮೋಡ, ಬೂದಿರೋಗ, ಸಾಂಗಲಿಯ ವ್ಯಾಪಾರಿಗಳ ಆಟ, ಎಲ್ಲವನ್ನೂ ಕಸ್ತೂರಿಯ ಮುಂದೆ ಹೇಳಿಕೊಳ್ಳುತ್ತಿದ್ದ.

ಒಬ್ಬಳೇ ಮಗಳು ತ್ರಿಶಲಾಳ ಜೊತೆಗೂ ಅವನು ಮೊದಲು ಹಾಗೆಯೇ ಮಾತಾಡುತ್ತಿದ್ದವನು. ಅವಳು ಪಶುವೈದ್ಯಕೀಯ ಓದಲು ಹೋದಾಗ ಊರಿಗೆಲ್ಲ ಪೇಡೆ ಹಂಚಿದ್ದ. ಓದು ಮುಗಿಸಿ ಬಂದು ಇಲ್ಲೇ ಎಲ್ಲಾದರೂ ದನಕರುಗಳ ದವಾಖಾನೆಯಲ್ಲಿ ಕೂರುತ್ತಾಳೆ ಎಂದುಕೊಂಡಿದ್ದರೆ ಅವಳು ಬೀದರಿನಲ್ಲಿ ಸಂಶೋಧನೆಗೆ ನಿಂತಳು. ನಾಯಿಗಳ ಹೊಟ್ಟೆಯ ಮೇಲೆ ಸಂಶೋಧನೆಯಂತೆ. ಆಗಲೂ ಅವನು ಬೇಡ ಅನ್ನಲಿಲ್ಲ. ಆದರೆ ಹೋದ ದೀಪಾವಳಿಗೆ ಸಂದೇಶ ಎಂಬ ಅವನ ಅಣ್ಣನ ಮಗ ಮೊಬೈಲಿನಲ್ಲಿ ಒಂದು ಹಳೆಯ ಫೋಟೋ ಹುಡುಕಿ ತಂದು ತೋರಿಸಿದ. ಸಾಲಾಗಿ ನಿಂತ ನಾಯಿಗಳು, ಹೊಟ್ಟೆಗೆ ತೂತು, ತೂತಿನಿಂದ ಇಳಿಬಿದ್ದ ನಳಿಕೆ, ನಳಿಕೆಯ ಕೆಳಗೆ ಬಾಟಲಿ. "ಕಾಕಾ, ಹೊಟ್ಟಿ ಆಸಿಡ್ ಹಿಂಗ ತಗೀತಾರಂತ ನೋಡ್ರಿ. ನಮ್ಮ ತ್ರಿಶಲಾ ಮಾಡೂದೂ ಇದನ್ನ ಏನು?"

ಅವತ್ತು ಸಂಜೆ, ಹೊತ್ತು ಮುಳುಗುವ ಮುಂಚೆ ಮನೆಯವರೆಲ್ಲ ಊಟಕ್ಕೆ ಕೂತಾಗ ಆಬಾಸಾಹೇಬ ಮಗಳನ್ನು ಕೇಳಿಯೇ ಬಿಟ್ಟ. "ನೀ ನಾಯಿ ಹೊಟ್ಟಿ ಕೊರೀತಿ ಏನು?" ತ್ರಿಶಲಾ ಬಾಯಲ್ಲಿದ್ದ ತುತ್ತು ನುಂಗಿ, "ಅಪ್ಪಾ, ಅದು ಹಿಂದಿನ ಕಾಲದಾಗ..." ಎಂದು ಶುರು ಮಾಡಿದಳು. ಅಷ್ಟು ಕೇಳಿದ್ದೇ ಅವನು ಗಂಗಾಳ ಬಿಟ್ಟು ಎದ್ದ. ಕೈ ತೊಳೆದು ತೋಟಕ್ಕೆ ಹೋದ. ಮುಂದಿನ ಮಾತು ಏನಿತ್ತೋ ಅವನು ಕೇಳಲಿಲ್ಲ, ಅವಳೂ ಮತ್ತೆ ಹೇಳಲಿಲ್ಲ. ಆಮೇಲಿಂದ ಫೋನಿನಲ್ಲಿ ಅಪ್ಪ ಮಗಳು ಮಳೆ, ದ್ರಾಕ್ಷಿ, ತಾಯಿಯ ಮೊಣಕಾಲು ನೋವು ಇಷ್ಟರಲ್ಲೇ ಮಾತು ಮುಗಿಸುತ್ತಿದ್ದರು.

ಚಳಿ ಕಳೆಯುವ ಹೊತ್ತಿಗೆ ಕಸ್ತೂರಿಯ ಹಿಂಗಾಲಿನ ತೊಡೆಯ ಮೇಲೊಂದು ಗಂಟು ಎದ್ದಿತು. ಮೊದಲು ಕಡಲೆಕಾಳಿನಷ್ಟು, ಆಮೇಲೆ ಲಿಂಬೆಕಾಯಿಯಷ್ಟು. ಉಣ್ಣಿ ಕಚ್ಚಿರಬೇಕು ಎಂದುಕೊಂಡ ಆಬಾಸಾಹೇಬ ಬೇವಿನ ಎಣ್ಣೆಗೆ ಅರಿಸಿನ ಕಲಸಿ ಬಿಸಿ ಮಾಡಿ ದಿನಾ ಸಂಜೆ ಹಚ್ಚತೊಡಗಿದ. ಹಚ್ಚುವುದೆಂದರೆ ಬರೀ ಸವರುವುದಲ್ಲ. ಗಂಟು ಕರಗಲಿ ಎಂದು ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕುತ್ತಿದ್ದ. ಕಸ್ತೂರಿ ಕಾಲು ಚಾಚಿ ಮಲಗಿ ತಿಕ್ಕಿಸಿಕೊಳ್ಳುತ್ತಿತ್ತು. ಆ ಗಂಟಿನ ನಡತೆ ಮಾತ್ರ ವಿಚಿತ್ರ. ಒಂದು ದಿನ ಕುಗ್ಗಿ ಇಲ್ಲವೇ ಇಲ್ಲ ಅನ್ನುವಂತೆ ಆಗುವುದು, ಇನ್ನೊಂದು ದಿನ ಚಿಕ್ಕೂ ಹಣ್ಣಿನಷ್ಟು ಉಬ್ಬಿ ಸುತ್ತಲಿನ ಚರ್ಮವೆಲ್ಲ ಕೆಂಪಾಗುವುದು.

ಒಣದ್ರಾಕ್ಷಿಯ ಶೆಡ್ಡುಗಳು ತುಂಬಿದ ದಿನಗಳಲ್ಲಿ ಕಸ್ತೂರಿ ಅನ್ನ ಬಿಟ್ಟಿತು. ಉಂಡರೆ ವಾಂತಿ. ಕೆಲವೊಮ್ಮೆ ವಾಂತಿಯಲ್ಲಿ ಕಾಫಿ ಪುಡಿಯಂಥ ಕಂದು ಚೂರು. ಲದ್ದಿ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಬೀಳತೊಡಗಿತು. ಗಿಳಿ ಬಂದರೆ ತಲೆಯೆತ್ತಿ ನೋಡಿ ಮತ್ತೆ ಮುಂಗಾಲುಗಳ ಮೇಲೆ ಮೂತಿ ಇಡುತ್ತಿತ್ತು. ಊರಿನ ಪಶುವೈದ್ಯರು ಬಂದು ನೋಡಿ, ದ್ರಾಕ್ಷಿ ತೋಟದ ನಾಯಿ ಅಂದಮೇಲೆ ಮಣೂಕ, ಅಂದರೆ ಒಣದ್ರಾಕ್ಷಿ, ತಿಂದಿರಬೇಕು, ದ್ರಾಕ್ಷಿ ನಾಯಿಗೆ ವಿಷವಿದ್ದಂತೆ ಎಂದು ಸಲಾಯಿನ್ ಹಚ್ಚಿದರು. ಅವರು ಹೇಳಿದ್ದು ಸುಳ್ಳಲ್ಲ, ಎಷ್ಟೋ ತೋಟಗಳಲ್ಲಿ ಹಾಗೆ ನಾಯಿ ಸತ್ತದ್ದುಂಟು. ಆದರೆ ಕಸ್ತೂರಿ ಹುಟ್ಟಿದಾರಭ್ಯ ದ್ರಾಕ್ಷಿಗೆ ಬಾಯಿ ಹಾಕಿದ ನಾಯಿಯಲ್ಲ. ಸಲಾಯಿನ್ ಹಚ್ಚಿದಾಗ ಎರಡು ದಿನ ಎದ್ದು ಓಡಾಡುವುದು, ಮತ್ತೆ ಬೀಳುವುದು.

ತಾರಾಬಾಯಿ ಮಗಳಿಗೆ ಫೋನು ಮಾಡಿದಳು. ಗಂಡನಿಗೆ ಹೇಳಿ ಮಾಡಲಿಲ್ಲ, ಮುಚ್ಚಿಯೂ ಮಾಡಲಿಲ್ಲ. ಪಡಸಾಲೆಯಲ್ಲಿ ಅವನು ಕೂತಿದ್ದಾಗಲೇ, "ಕಸ್ತೂರಿ ಉಣವಲ್ದು, ನೀ ಒಂದ್ಸಲ ಬಂದ್ ಹೋಗ ಬೇ" ಅಂದಳು.

ತ್ರಿಶಲಾ ಮರುದಿನ ಇಳಿಹೊತ್ತಿಗೆ ಬಂದಳು. ಚೀಲವನ್ನು ಮನೆಯಲ್ಲಿ ಇಟ್ಟವಳೇ ತೋಟಕ್ಕೆ ನಡೆದಳು. ಶೆಡ್ಡಿನ ನೆರಳಲ್ಲಿ ಆಬಾಸಾಹೇಬ ಎಣ್ಣೆಯ ಬಟ್ಟಲು ಇಟ್ಟುಕೊಂಡು ಕಸ್ತೂರಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಅವನು ಹೆಬ್ಬೆರಳು ಗಂಟಿನ ಮೇಲೆ ಇಡುವುದಕ್ಕೂ ಅವಳು ಬರುವುದಕ್ಕೂ ಸರಿಹೋಯಿತು.

"ಅಪ್ಪಾ, ಕೈ ತಗೀ. ಮುಟ್ಟಬ್ಯಾಡ ಅದನ್ನ."

ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ, ಆದರೂ ಅವನು ಬಿಸಿ ತಾಗಿದವನಂತೆ ಕೈ ಹಿಂತೆಗೆದ. "ಯಾಕ? ದಿನಾ ಹಚ್ಚಾಕತ್ತೀನಿ. ಅರಿಸಿನ ಐತಿ, ಬೇವು ಐತಿ. ಏನ್ ಕೆಟ್ಟದ್ದು ಹಚ್ಚಿಲ್ಲ."

ತ್ರಿಶಲಾ ನಾಯಿಯ ಮುಂದೆ ಕೂತಳು. ಕಸ್ತೂರಿ ಬಾಲವನ್ನು ನೆಲಕ್ಕೆ ಎರಡು ಸಲ ಬಡಿದು ಅವಳ ಮೊಣಕೈ ನೆಕ್ಕಿತು. ಅವಳು ಅದರ ವಸಡುಗಳನ್ನು ನೋಡಿದಳು, ಬೆಳ್ಳಗಾಗಿದ್ದವು. ಹೊಟ್ಟೆಯ ಮೇಲೆ ಮೆತ್ತಗೆ ಅಂಗೈ ಇಟ್ಟಾಗ ನಾಯಿ ಬೆನ್ನು ಬಿಲ್ಲಿನಂತೆ ಬಾಗಿಸಿತು. ಲದ್ದಿ ಹೇಗಿದೆ, ವಾಂತಿ ಯಾವಾಗ, ಗಂಟು ಯಾವಾಗ ಉಬ್ಬುತ್ತದೆ ಎಂದು ಒಂದೊಂದೇ ಕೇಳಿದಳು. ಆಬಾಸಾಹೇಬ ಹೇಳುತ್ತಾ ಹೋದ. ಹೇಳುತ್ತಿದ್ದಂತೆ ಅವನಿಗೇ ಒಂದು ಮಾತು ಹೊಳೆಯಿತು. ಗಂಟು ಉಬ್ಬುವುದು ತಿಕ್ಕಿದ ಮೇಲೆಯೇ. ವಾಂತಿ ಜಾಸ್ತಿಯಾಗುವುದು ಗಂಟು ಉಬ್ಬಿದ ಮರುದಿನವೇ. ಎಣ್ಣೆಯ ಬಟ್ಟಲನ್ನು ದೂರ ಸರಿಸಿದ.

"ನಾಳೆ ಅಥಣಿಗೆ ಹೋಗೂಣು" ಅಂದಳು ತ್ರಿಶಲಾ. "ನನ್ನ ಗೆಳತಿ ಸ್ನೇಹಲ ಅಲ್ಲಿ ಕಾಲೇಜಿನ್ಯಾಗ ಜೀವಶಾಸ್ತ್ರ ಕಲಸ್ತಾಳ. ಆಕಿ ಹತ್ರ ಸೂಕ್ಷ್ಮದರ್ಶಕ ಐತಿ. ನೋಡಿದ್ರ ಗೊತ್ತಾಗ್ತೈತಿ."

ಬೆಳಿಗ್ಗೆ ಅವಳು, ಸೂಜಿ ತಾಗಿದಾಗ ಗಂಟು ಉಬ್ಬದಿರಲಿ ಎಂದು, ಕಸ್ತೂರಿಗೆ ಅಲರ್ಜಿಯ ಗುಳಿಗೆಯೊಂದನ್ನು ಬೆಲ್ಲದಲ್ಲಿ ಮುಚ್ಚಿ ನುಂಗಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಗಂಟಿಗೆ ತೆಳ್ಳನೆಯ ಸೂಜಿ ಚುಚ್ಚಿ, ಸೂಜಿಯ ತುದಿಯಲ್ಲಿ ಸಿಕ್ಕಿದ್ದನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಒಣಗಿಸಿದಳು. ಆಬಾಸಾಹೇಬ ಪಿಕಪ್ ಗಾಡಿ ತೆಗೆದ. ಅಥಣಿಯ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಅಪ್ಪ ಮಗಳ ನಡುವೆ ಆ ಗಾಜಿನ ಪಟ್ಟಿಯ ಡಬ್ಬಿ ಕೂತಿತ್ತು.

ಸ್ನೇಹಲ ಪ್ರಯೋಗಶಾಲೆಯ ಬೀಗ ತೆಗೆದು, ನೀಲಿ ಬಣ್ಣ ತುಂಬಿದ ಬಾಟಲಿ ಕೊಟ್ಟು, "ಚಹಾ ತರಸ್ತೇನ್ರಿ ಕಾಕಾ" ಎಂದು ಹೊರಗೆ ಹೋದಳು. ತ್ರಿಶಲಾ ಗಾಜಿಗೆ ಬಣ್ಣ ಹಾಕಿ ತೊಳೆದು, ಸೂಕ್ಷ್ಮದರ್ಶಕದ ಮೇಲೆ ಬಾಗಿದಳು. ತಿರುಪು ತಿರುಗಿಸುತ್ತಾ ಬಹಳ ಹೊತ್ತು ನೋಡಿದಳು. ಅವಳ ಬೆನ್ನು ನೋಡಿಯೇ ಆಬಾಸಾಹೇಬನಿಗೆ ಸುದ್ದಿ ಒಳ್ಳೆಯದಲ್ಲ ಅನ್ನಿಸಿತು.

"ಬಾ ಅಪ್ಪಾ. ನೀನೂ ನೋಡು."

ಅವನು ಕನ್ನಡಕ ತೆಗೆದು ಕಣ್ಣಿಟ್ಟ. ಮೊದಲು ತನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಬೆಳಕಿನ ಬಟ್ಟಲಲ್ಲಿ ದುಂಡು ದುಂಡಾದವು ಕಂಡವು. ಒಂದೊಂದರ ಒಳಗೂ ಕಡುನೀಲಿ ಕಾಳುಗಳು ಕಿಕ್ಕಿರಿದು ತುಂಬಿದ್ದವು, ಸಾಸಿವೆ ಕಟ್ಟಿದ ಗಂಟಿನ ಹಾಗೆ. ಕೆಲವು ಗಂಟು ಬಿಚ್ಚಿಕೊಂಡು ಸುತ್ತಲೂ ಕಾಳು ಚೆಲ್ಲಿದ್ದವು.

"ಇಂಥ ಜೀವಕೋಶ ಮೈಯಾಗ ಎಲ್ಲಾ ಕಡೆ ಇರ್ತಾವು, ಒಂದೊಂದು" ಅಂದಳು ತ್ರಿಶಲಾ. "ಇಲ್ಲಿ ಲಂಗುಲಗಾಮಿಲ್ದ ಬೆಳದಾವು. ಅದು ಒಂದ್ ಥರಾ ಕ್ಯಾನ್ಸರ್. ಆ ಕಾಳಿನ್ಯಾಗ ಇರೂದು ಹಿಸ್ಟಮಿನ್ ಅನ್ನೂ ರಾಸಾಯನಿಕ."

ಕ್ಯಾನ್ಸರ್ ಎಂಬ ಮಾತು ಕೇಳಿ ಆಬಾಸಾಹೇಬ ಸ್ಟೂಲಿನ ಮೇಲೆ ಕೂತ. ಸ್ನೇಹಲ ತಂದ ಚಹಾ ಕೈಯಲ್ಲೇ ಆರಿತು.

ವಾಪಸು ಬರುವಾಗ ಐನಾಪುರದ ಹತ್ತಿರ ಕಬ್ಬಿನ ಟ್ರಾಲಿಯೊಂದು ಮಗುಚಿ ರಸ್ತೆ ಕಟ್ಟಿತ್ತು. ಗಾಡಿ ಬಂದ್ ಮಾಡಿ ಕೂತಾಗ ಆಬಾಸಾಹೇಬ ಕೇಳಿದ.

"ಗಂಟು ತೊಡೀ ಮ್ಯಾಲ ಐತಿ. ಹೊಟ್ಟಿ ಯಾಕ ಕೆಟ್ಟಿತು?"

ತ್ರಿಶಲಾ ತುಸು ಯೋಚಿಸಿದಳು. ಎಲ್ಲಿಂದ ಶುರು ಮಾಡುವುದೆಂದು ಅವಳಿಗೆ ತೋಚದಿರುವುದು ಅವನಿಗೆ ಕಾಣಿಸಿತು.

"ಉಂಡದ್ದು ಹೊಟ್ಟಿಗೆ ಬಂದಾಗ, ಆಸಿಡ್ ಬಿಡ್ರಿ ಅಂತ ಹೇಳಾಕ ಒಬ್ಬ ಇರ್ತಾನ ಅಂತ ತಿಳ್ಕೊ. ಅವನ ಹೆಸರ ಹಿಸ್ಟಮಿನ್. ಹೊಟ್ಟಿ ಗೋಡ್ಯಾಗನ ಅವನ ಮನಿ. ಹೊರಗ ಬಂದು ಬಾಜೂಕಿನ ಜೀವಕೋಶದ ಬಾಗಲಾ ಬಡೀತಾನ, ಆಸಿಡ್ ಬರ್ತೈತಿ, ಅನ್ನ ಕರಗ್ತೈತಿ. ಇಷ್ಟು ಎಲ್ಲಾರಿಗೂ ಗೊತ್ತಿರೂದು."

"ಮುಂದ?"

"ಮುಂದ ಅವನ ಕೆಲಸ ಮುಗೀತು. ಆದ್ರ ಅಂವ ತಾನಾಗಿ ಸುಮ್ನಾಗಂಗಿಲ್ಲ. ಬಡೀತನ ಇರ್ತಾನ. ಅವನ್ನ ಯಾರರ ಒಡದು ಹಾಕಬೇಕು. ಹೊಟ್ಟಿ ಗೋಡ್ಯಾಗ ಅದಕ್ಕಂತನ ಒಂದು ಕಿಣ್ವ ಐತಿ. ಹಿಸ್ಟಮಿನ್ನಿಗೆ ಒಂದು ಸಣ್ಣ ತುಣುಕು ಅಂಟಸ್ತೈತಿ, ಮೀಥೈಲ್ ಅಂತಾರ ಅದಕ್ಕ. ಕೀಲಿಕೈಗೆ ಮೇಣ ಮೆತ್ತಿದಂಗ. ಆಮ್ಯಾಲ ಅದು ಯಾವ ಕೀಲಿಗೂ ಹೊಂದಂಗಿಲ್ಲ. ಇನ್ನೊಂದು ಕಿಣ್ವ ಬಂದು ಅದನ್ನ ಮುರೀತೈತಿ. ಉಚ್ಚೆಯಾಗ ಹೊರಗ ಹೋಕ್ಕೈತಿ. ಕರುಳಿನ್ಯಾಗ ಹಿಸ್ಟಮಿನ್ ಒಡ್ಯಾವ ಬ್ಯಾರೆ ಇರ್ತಾನ, ನಾಯಿ ಹೊಟ್ಟ್ಯಾಗ ಮುಖ್ಯ ಇದ."

"ಕಸ್ತೂರಿ ಹೊಟ್ಟ್ಯಾಗ ಒಡ್ಯಾವರು ಇಲ್ಲೇನು?"

"ಅದಾರ. ಆದ್ರ ಗಂಟಿನಿಂದ ಹಿಸ್ಟಮಿನ್ ರಕ್ತದಾಗ ಸುರದು ಹೊಟ್ಟಿಗೆ ಬರಾಕತ್ತೈತಿ. ಗಾಣಕ್ಕ ಕಬ್ಬು ಕೊಡಾಕ ಒಬ್ಬ ಆಳು ನಿಂತಿರ್ತಾನ. ಟ್ರಾಲಿ ಮ್ಯಾಲ ಟ್ರಾಲಿ ಬಂದ್ರ ಅಂವ ಏನ್ ಮಾಡ್ಯಾನು? ಉಣ್ಣಲಿ ಬಿಡಲಿ, ಹಗಲೂ ರಾತ್ರಿ ಆಸಿಡ್ ಬರಾಕತ್ತೈತಿ. ಹೊಟ್ಟ್ಯಾಗ ಹುಣ್ಣಾಗೇತಿ. ಕಪ್ಪು ಲದ್ದಿ ಅಂದ್ರ ಅದು ಸುಟ್ಟ ರಕ್ತ ಅಪ್ಪಾ."

ಆಬಾಸಾಹೇಬ ಸ್ಟಿಯರಿಂಗಿನ ಮೇಲಿದ್ದ ತನ್ನ ಹೆಬ್ಬೆರಳನ್ನು ನೋಡಿದ. ಅರಿಸಿನದ ಹಳದಿ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿತ್ತು.

"ನಾ ತಿಕ್ಕಿದಾಗೆಲ್ಲಾ ಅದು ಚೆಲ್ಲತಿತ್ತು ಹೌದಿಲ್ಲೋ?"

ತ್ರಿಶಲಾ ಸುಳ್ಳು ಹೇಳಲಿಲ್ಲ. "ಹೌದು. ಆದ್ರ ನಿನಗ ಗೊತ್ತಿರಲಿಲ್ಲ. ನೋಡಿದ್ ಕೂಡ್ಲೇ ತಿಳಿಯೂ ರೋಗ ಅಲ್ಲ ಇದು."

ಮುಂದೆ ಮಗುಚಿದ್ದ ಟ್ರಾಲಿಯ ಕಬ್ಬನ್ನು ಜನ ರಸ್ತೆಯ ಬದಿಗೆ ಎಳೆದು ಹಾಕುತ್ತಿದ್ದರು. ಅವನು ಅದನ್ನೇ ನೋಡುತ್ತಾ ಕೂತ. ಎಷ್ಟು ಪ್ರೀತಿಯಿಂದ ತಿಕ್ಕಿದ್ದ, ನಾಯಿಯೂ ಎಷ್ಟು ನಂಬಿ ಕಾಲು ಚಾಚುತ್ತಿತ್ತು. ಕಿಟಕಿಯ ಗಾಜು ಇಳಿಸಿದ.

"ನೀ ಕಲಿಯೂದು ಇದನ್ನ ಏನು? ಈ ಒಡ್ಯಾವನ ವಿಷಯ?"

"ಇದನ್ನ. ಆಸಿಡ್ ಬರೂ ಹೊತ್ತಿನ್ಯಾಗ ಒಡ್ಯೂ ಕೆಲಸ ಜೋರ ಆಗ್ತೈತೋ, ಹಿಂದ ಬೀಳ್ತೈತೋ, ಒಂದೊಂದು ನಾಯಿಗೆ ಯಾಕ ಬ್ಯಾರೆ ಬ್ಯಾರೆ, ಅಂತ."

"ಅದಕ್ಕ ನಾಯಿ ಹೊಟ್ಟಿ ಎಲ್ಲಿಂದ ತರ್ತಿ?"

ದೀಪಾವಳಿಯ ಊಟದಲ್ಲಿ ಅರ್ಧಕ್ಕೆ ನಿಂತಿದ್ದ ಮಾತು ಇದು. ತ್ರಿಶಲಾ ಅಪ್ಪನ ಕಡೆ ತಿರುಗಿ ಕೂತಳು. "ಹೊಟ್ಟಿ ನೋವಂತ ದವಾಖಾನಿಗೆ ನಾಯಿ ಬರ್ತಾವು. ಅವಕ್ಕ ಜಡ್ಡು ಏನಂತ ನೋಡಾಕ, ಮಲಗಸಿ, ಬಾಯಿಂದ ಒಂದು ನಳಿಗಿ ಬಿಟ್ಟು ಅಕ್ಕಿಕಾಳಿನಷ್ಟು ತುಣುಕು ತಗೀತಾರ. ಅದು ಅವುಗಳ ಔಷಧಕ್ಕನ ತಗಿಯೂದು. ಪರೀಕ್ಷೆ ಆಗಿ ಉಳದದ್ದು ನನಗ, ನಾಯಿ ಸಾಕಿದವರು ಹೂಂ ಅಂದ್ರ. ಒಂದು ನಾಯಿಗೂ ನಾ ಬರೇ ನನ್ನ ಓದಿಗಂತ ಸೂಜಿ ಚುಚ್ಚಿಲ್ಲ. ಸಂದೇಶ ತೋರಿಸಿದ ಫೋಟೋ ಯಾವ ಕಾಲದ್ದೋ. ಹಂಗ ಮಾಡೂದಿದ್ರ ನಾ ಬಿಟ್ಟು ಬರ್ತಿದ್ದೆ."

"ಅವತ್ತ ಯಾಕ ಹೇಳಲಿಲ್ಲ?"

"ನೀ ಎದ್ದು ಹೋದಿ ಅಪ್ಪಾ."

ರಸ್ತೆ ತೆರವಾಯಿತು. ಹಿಂದಿನ ಗಾಡಿಯವನು ಹಾರ್ನು ಹೊಡೆದ. ಆಬಾಸಾಹೇಬ ಗೇರು ಹಾಕಿದ. ಮನೆಯ ಮುಂದೆ ಗಾಡಿ ನಿಲ್ಲಿಸಿ, ಇಳಿಯುವ ಮುಂಚೆ, "ತಪ್ಪು ನಂದ ಆತು" ಅಂದ. ಅವಳಿಗೆ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ. ಅವಳಿಗೆ ಕೇಳಿಸಿತ್ತು.

ಮನೆಯಲ್ಲಿ ತಾರಾಬಾಯಿ ಸುದ್ದಿ ಕೇಳಿ ಕೆಲಸ ಬಿಟ್ಟು ಕೂತಳು. ಆಪರೇಷನ್ ಮಾಡಿ ಗಂಟು ತೆಗೆಯಬೇಕು, ಚಿಕ್ಕೋಡಿಯಲ್ಲಿ ತನ್ನ ಹಿರಿಯ ಗೆಳತಿ ಡಾಕ್ಟರ್ ರೂಪಾಲಿ ಅಂಥ ಆಪರೇಷನ್ ಮಾಡುತ್ತಾಳೆ ಎಂದು ತ್ರಿಶಲಾ ಹೇಳಿದಾಗ ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು.

"ಮಾತ ಬಾರದ ಜೀವ. ಅದನ್ನ ಕತ್ತರಸ್ರಿ ಅಂತ ನಾವ ಹೆಂಗ ಹೇಳೂದು? ಆಕಿ ಆಯುಷ್ಯ ಆಕೀದು. ಶಾಂತ ರೀತಿಯಿಂದ ಹೋಗಲಿ, ನಾ ಕಿವ್ಯಾಗ ಣಮೋಕಾರ ಮಂತ್ರ ಹೇಳ್ತೀನಿ."

"ಆಯಿ, ಈಗ ಆಕಿ ಶಾಂತ ಇಲ್ಲ. ಹೊಟ್ಟಿ ಒಳಗ ಸುಡಾಕತ್ತೈತಿ."

"ಕೊಯ್ದ್ರ ಪೂರಾ ಆರಾಮ ಆಗ್ತಾಳೇನು?"

"ಹೇಳಾಕ ಬರಂಗಿಲ್ಲ. ಬುಡಸಮೇತ ಹೋದ್ರ ಆಗ್ತಾಳ. ಮತ್ತ ಬಂದ್ರೂ ಬರಬಹುದು."

ತಾರಾಬಾಯಿ ಗಂಡನ ಮುಖ ನೋಡಿದಳು. ಇಂಥ ಹೊತ್ತಿನಲ್ಲಿ ಅವನು ಹೂಂ ಅನ್ನುತ್ತಾನೆ ಅಥವಾ ಎದ್ದು ಹೋಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅವನು ಎದ್ದು ಹೋಗಲಿಲ್ಲ.

"ನೋಯಸೂದ ಬ್ಯಾರೆ, ನೋವು ತಗಿಯೂದ ಬ್ಯಾರೆ" ಎಂದ ಆಬಾಸಾಹೇಬ. "ನಾ ಇಷ್ಟ ದಿನ ಔಷಧ ಅಂತ ನೋಯಿಸಿದೆ. ಈಗ ಈಕಿ ಚಾಕು ಹಿಡದು ನೋವು ತಗೀತೀನಿ ಅಂತಾಳ. ನಂಬೂಣು."

ತಾರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕಸ್ತೂರಿಗೆಂದು ಅನ್ನದ ಗಂಜಿ ಮಾಡಲು ಒಲೆ ಹೊತ್ತಿಸಿದ ಸದ್ದು ಕೇಳಿತು. ಅದೇ ಅವಳ ಒಪ್ಪಿಗೆ.

ಹೊಟ್ಟೆಯ ಹುಣ್ಣು ಅಷ್ಟಿಷ್ಟು ಆರುವ ತನಕ ಚಾಕು ಹಿಡಿಯುವುದು ಬೇಡ ಎಂದು ರೂಪಾಲಿ ಫೋನಿನಲ್ಲಿ ಹೇಳಿದಳು. ಅದಕ್ಕೆ ಗುಳಿಗೆಗಳನ್ನೂ ಹೇಳಿದಳು. ತ್ರಿಶಲಾ ಕಾಗವಾಡದ ಔಷಧ ಅಂಗಡಿಯಿಂದ ತಂದು ಮೇಜಿನ ಮೇಲಿಟ್ಟ ಗುಳಿಗೆಯ ಪಟ್ಟಿಯನ್ನು ಎತ್ತಿಕೊಂಡು ಆಬಾಸಾಹೇಬ ತಿರುಗಿಸಿ ಮುರುಗಿಸಿ ನೋಡಿದ. ನೋಡಿ, ಕಿಸೆಯಿಂದ ಇನ್ನೊಂದು ಪಟ್ಟಿ ತೆಗೆದು ಅದರ ಪಕ್ಕ ಹಿಡಿದ.

"ಇದು ನನ್ನ ಗುಳಿಗಿ ಐತಲ್ಲ. ಮುಂಜಾನೆ ಎದ್ದು ನುಂಗೂದು."

"ಅದ. ಆಕಿಗೆ ಪ್ರಮಾಣ ಕಡಿಮಿ."

"ನಾಯಿಗೂ ನನಗೂ ಒಂದ ಔಷಧ?"

"ಹೊಟ್ಟಿ ಎಲ್ಲಾರದೂ ಒಂದ ಅಪ್ಪಾ. ಹಿಸ್ಟಮಿನ್ ಬಂದು ಬಡದ್ರೂ ಬಾಗಲಾ ತಗೀದಂಗ ಮಾಡೂ ಗುಳಿಗಿ ಇದು. ನೀ ಖಾರ ಕಡಿಮಿ ಮಾಡಿದ್ರ ನಿನಗ ಇದರ ಗರಜು ಇಲ್ಲ."

ತಾರಾಬಾಯಿ ಒಳಗಿನಿಂದ, "ಹೇಳು, ಇನ್ನಷ್ಟು ಹೇಳು" ಅಂದಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕರು.

ಗುಳಿಗೆ ನಾಟಿತು. ವಾಂತಿ ನಿಂತಿತು. ಗಂಟನ್ನು ಯಾರೂ ಮುಟ್ಟದ ಕಾರಣ ಅದೂ ತೆಪ್ಪಗೆ ಕೂತಿತು. ಒಂದು ಬೆಳಿಗ್ಗೆ ಕಸ್ತೂರಿ ಗಂಜಿಯ ತಾಟನ್ನು ನೆಕ್ಕಿ ನೆಕ್ಕಿ ಅಂಗಳದ ಆ ತುದಿಯವರೆಗೂ ನೂಕಿಕೊಂಡು ಹೋಯಿತು. ಲದ್ದಿಯ ಬಣ್ಣ ತಿಳಿಯಾಗಿದೆ ಎಂದು ಆಬಾಸಾಹೇಬ ತೋಟದಿಂದ ಫೋನು ಮಾಡಿ ತಿಳಿಸಿದಾಗ, ಆ ಸುದ್ದಿಗೆ ಇಷ್ಟು ಸಂತೋಷಪಡುವವರು ತಾವಿಬ್ಬರೇ ಇರಬೇಕು ಎಂದು ಮನೆಯಲ್ಲಿದ್ದ ತ್ರಿಶಲಾಳಿಗೆ ಅನ್ನಿಸಿತು.

ಆಪರೇಷನ್ನಿನ ದಿನ ಪಿಕಪ್ಪಿನ ಹಿಂದೆ ಗೋಣಿತಾಟು ಹಾಸಿ ಕಸ್ತೂರಿಯನ್ನು ಮಲಗಿಸಿದರು. ತಾರಾಬಾಯಿ ಗಾಡಿಯ ಹತ್ತಿರ ಬಂದು ಅದರ ಕಿವಿಯ ಬಳಿ ಬಾಗಿ ಣಮೋಕಾರ ಹೇಳಿದಳು. "ಇದು ಹೋಗಲಿ ಅಂತ ಹೇಳಿದ್ದಲ್ಲ, ಬರಲಿ ಅಂತ ಹೇಳಿದ್ದು" ಎಂದು ಮಗಳಿಗೆ ಸ್ಪಷ್ಟಪಡಿಸಿದಳು. ಕುಡಚಿಯ ಸೇತುವೆ ದಾಟುವಾಗ ಕೃಷ್ಣೆಯ ಗಾಳಿಗೆ ಕಸ್ತೂರಿ ಮೂತಿ ಎತ್ತಿ ಕಣ್ಣು ಕಿರಿದು ಮಾಡಿತು. ರಾಯಬಾಗ ದಾಟಿ ಚಿಕ್ಕೋಡಿ ಮುಟ್ಟುವ ತನಕ ಆಬಾಸಾಹೇಬ ಹಿಂದೆಯೇ, ನಾಯಿಯ ಪಕ್ಕದಲ್ಲಿ ಕೂತಿದ್ದ. ಗಾಡಿಯನ್ನು ತ್ರಿಶಲಾ ಓಡಿಸಿದಳು.

ರೂಪಾಲಿ ದೊಡ್ಡ ಕೈಗಳ, ಸಣ್ಣ ದನಿಯ ಹೆಂಗಸು. ನಾಯಿಗೆ ಮಂಪರು ಬರುವ ತನಕ ತಲೆ ಹಿಡಿದುಕೊಳ್ಳಿ ಎಂದು ಆಬಾಸಾಹೇಬನನ್ನೇ ಒಳಗೆ ಕರೆದಳು. ಕಸ್ತೂರಿಯ ರೆಪ್ಪೆ ಭಾರವಾಗುತ್ತಾ ಬಂತು. ಅದರ ನಾಲಗೆ ಅವನ ಅಂಗೈಗೆ ತಾಗಿ ಹಾಗೇ ನಿಂತಿತು.

"ಮೊದಲ ನಳಿಗಿ ಬಿಟ್ಟು ಹೊಟ್ಟಿ ನೋಡ್ತೀನ್ರಿ ಕಾಕಾ" ಅಂದಳು ರೂಪಾಲಿ. "ಹುಣ್ಣು ಎಷ್ಟು ಆರೇತಿ ಗೊತ್ತಾಗ್ತೈತಿ."

ಗೋಡೆಯ ಪರದೆಯ ಮೇಲೆ ಕಸ್ತೂರಿಯ ಹೊಟ್ಟೆಯ ಒಳಗು ಕಂಡಿತು. ಉತ್ತ ಹೊಲದ ಸಾಲುಗಳಂಥ ಗುಲಾಬಿ ಮಡಿಕೆಗಳು. ನಡುವೆ ಒಂದೆರಡು ಕಡೆ ಅಂಚು ಕೆಂಪಗಿದ್ದ ಗುಳಿಗಳು, ಬುಡದಲ್ಲಿ ಬೆಳ್ಳನೆಯ ಪೊರೆ ಕಟ್ಟಿ ಆರುತ್ತಿದ್ದವು. ಆಬಾಸಾಹೇಬ ಉಸಿರು ಹಿಡಿದು ನೋಡಿದ. ಈ ಗೋಡೆಯಲ್ಲೇ ಎಲ್ಲೋ ಮಗಳು ಹೇಳಿದ ಆ ಮೇಣ ಮೆತ್ತುವ ಕೆಲಸ ಈ ಕ್ಷಣವೂ ನಡೆದಿದೆ ಎಂದು ಅವನಿಗೆ ಹೊಳೆಯಿತು. ಹಿಂದೆ ನಿಂತಿದ್ದ ತ್ರಿಶಲಾಳ ಕಡೆ ತಿರುಗಿದ.

"ನಿನಗ ಒಂದು ಕಾಳಿನಷ್ಟು ಬೇಕಾದ್ರ ತಗೋ. ಸಾಕಿದಾವ ನಾ. ನಾ ಹೂಂ ಅಂತೀನಿ."

ತ್ರಿಶಲಾಳ ಕಣ್ಣು ತುಂಬಿ ಬಂತು. ಮುಖಕ್ಕೆ ಕಟ್ಟಿದ್ದ ಬಟ್ಟೆಯ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. "ಬ್ಯಾಡ ಅಪ್ಪಾ. ಈಗ ಅಲ್ಲಿ ಗಾಯ ಐತಿ. ಒಂದು ಕಾಳಿನಷ್ಟೂ ಮುಟ್ಟೂದು ಬ್ಯಾಡ."

ಅವನು ಹೊರಗೆ ಬಂದು ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂತ. ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಯಂತ್ರದ ಟಿಕ್ ಟಿಕ್ ಸದ್ದು ಒಂದೇ ಸಮ ಬರುತ್ತಿತ್ತು. ನಡುವೆ ಆ ಸದ್ದು ತಪ್ಪಿತು, ಬಿರುಸಾಯಿತು, ಒಳಗೆ ಮಾತುಗಳು ಚುರುಕಾದವು. ಗಂಟಿಗೆ ಕೈ ತಾಗಿದ್ದೇ ಅದು ಇದ್ದಬದ್ದ ಹಿಸ್ಟಮಿನ್ನನ್ನೆಲ್ಲ ಒಮ್ಮೆಲೇ ರಕ್ತಕ್ಕೆ ಚೆಲ್ಲಿ, ಕಸ್ತೂರಿಯ ರಕ್ತದೊತ್ತಡ ಸರ್ರನೆ ಇಳಿದಿತ್ತು. ಅದು ಅವನಿಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದು ಇಷ್ಟೇ, ರೂಪಾಲಿ "ಸಲಾಯಿನ್ ಪೂರಾ ಬಿಡು" ಅಂದದ್ದು, ಮಗಳು "ಬಿಟ್ಟೀನಿ, ನಾಡಿ ಸಿಗಾಕತ್ತೈತಿ, ಸಿಗಾಕತ್ತೈತಿ" ಅಂದದ್ದು. ಅವಳ ದನಿ ನಡುಗುತ್ತಿರಲಿಲ್ಲ. ಆಬಾಸಾಹೇಬ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದು ಆ ದನಿಯನ್ನೇ ಕೇಳುತ್ತಾ ಕೂತ. ಮೆಲ್ಲಗೆ ಯಂತ್ರದ ಸದ್ದು ಮತ್ತೆ ಒಂದೇ ಸಮವಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಕಸ್ತೂರಿ ಕಣ್ಣು ಬಿಟ್ಟಿತು. ತೊಡೆಯ ಅರ್ಧಕ್ಕೆ ಕೂದಲು ಬೋಳಿಸಿ ಉದ್ದನೆಯ ಹೊಲಿಗೆ ಹಾಕಿದ್ದರು. ಗಂಟಿನ ಸುತ್ತ ಒಳ್ಳೆಯ ಮಾಂಸವನ್ನೂ ಅಗಲಕ್ಕೆ ತೆಗೆದಿರುವುದಾಗಿ, ತುಣುಕನ್ನು ಪರೀಕ್ಷೆಗೆ ಕಳಿಸಿರುವುದಾಗಿ ರೂಪಾಲಿ ಹೇಳಿದಳು. ಅವನು ಕೈ ಮುಗಿದ. "ಇರಲಿ ಬಿಡ್ರಿ ಕಾಕಾ, ತ್ರಿಶಲಾ ನಾಡಿ ಹಿಡಿಯೂದು ಬಿಟ್ಟಿದ್ರ ಇವತ್ತ ಕಷ್ಟ ಇತ್ತು" ಎಂದಳು ಅವಳು.

ಪರೀಕ್ಷೆಯ ಫಲ ಬರುವಷ್ಟರಲ್ಲಿ ತ್ರಿಶಲಾ ಬೀದರಿಗೆ ಮರಳಿದ್ದಳು. ಗಡ್ಡೆ ತೀರ ಕೆಟ್ಟ ಜಾತಿಯದಲ್ಲ, ನಡುವಿನದು. ಕೊಯ್ದ ಅಂಚುಗಳಲ್ಲಿ ಗಡ್ಡೆಯ ಸುಳಿವಿರಲಿಲ್ಲ. ಮತ್ತೆ ಬರುವುದೇ ಇಲ್ಲ ಎಂದು ಯಾರೂ ಬರೆದು ಕೊಡಲಾರರು, ಮೈಯನ್ನು ಆಗಾಗ ಸವರಿ ನೋಡುತ್ತಿರಬೇಕು, ಮೆತ್ತಗೆ. ಅದನ್ನು ಅವಳು ಫೋನಿನಲ್ಲಿ ಹೇಳುವಾಗ ಆಬಾಸಾಹೇಬ ಏಪ್ರಿಲ್ ತಿಂಗಳ ಛಾಟಣಿಗೆ, ಕೊಂಬೆ ಸವರಲು, ಕತ್ತರಿ ಹಿಡಿದು ಬಳ್ಳಿಯ ಮುಂದೆ ನಿಂತಿದ್ದ. ಕತ್ತರಿಯನ್ನು ತಂತಿಗೆ ಸಿಕ್ಕಿಸಿ, ನೆರಳಿಗೆ ಬಂದು ಕೂತ.

"ಆತು. ಆಕೀದು ತಿಳೀತು" ಎಂದ. "ನಿಂದು ಹೇಳು. ಇವತ್ತ ಏನ್ ಮಾಡ್ದಿ?"

ತ್ರಿಶಲಾ ಹೇಳತೊಡಗಿದಳು. ಮುಂಜಾನೆಯಿಂದ ಕಿಣ್ವದ ಒಂದು ಪರೀಕ್ಷೆ ಹೂಡಿದ್ದಳು, ಕೆಟ್ಟಿತು. ಥಂಡಿ ಪೆಟ್ಟಿಗೆಯ ಕರೆಂಟು ಹೋಗಿ ಕಿಣ್ವ ಸತ್ತಿರಬೇಕು. ಮತ್ತೆ ಮೊದಲಿಂದ ಮಾಡಬೇಕು. ಆದರೆ ಹೋದ ವಾರದ್ದರಲ್ಲಿ ಏನೋ ಕಂಡಂತಿದೆ. ಹುಣ್ಣಿದ್ದ ನಾಯಿಗಳಲ್ಲಿ ಒಡೆಯುವ ಕೆಲಸ ನಿಧಾನವಿದ್ದಂತೆ ಕಾಣುತ್ತದೆ, ಅದು ನಿಜವೋ ತನ್ನ ಕಣ್ಣಿನ ಆಸೆಯೋ ಗೊತ್ತಿಲ್ಲ, ಇನ್ನೂ ಬಹಳ ನೋಡಬೇಕು.

ಅವಳು ಹೇಳುತ್ತಲೇ ಹೋದಳು. ಎಷ್ಟೋ ಶಬ್ದಗಳು ಆಬಾಸಾಹೇಬನಿಗೆ ತಿಳಿಯಲಿಲ್ಲ. ತಿಳಿಯದಲ್ಲಿ "ಅಂದ್ರ?" ಎಂದು ಕೇಳಿದ, ಅವಳು ಬಿಡಿಸಿ ಹೇಳಿದಳು. ಕತ್ತರಿಸಿದ ಬಳ್ಳಿಯ ತುದಿಗಳಲ್ಲಿ ನೀರು ಹನಿ ಹನಿಯಾಗಿ ಸೋರುತ್ತಿತ್ತು. ಸಾಲಿನ ಆ ಕೊನೆಯಲ್ಲಿ ಕಸ್ತೂರಿ, ಬೋಳು ತೊಡೆಯ ಮೇಲೆ ಹೊಸ ಕೂದಲು ಮೂಡುತ್ತಿದ್ದ ಕಾಲನ್ನು ತುಸು ಎಳೆಯುತ್ತಾ, ನೆಲಕ್ಕಿಳಿದ ಕಾಗೆಯೊಂದರ ಮೇಲೆ ಕಣ್ಣಿಟ್ಟು ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗುತ್ತಿತ್ತು.